ಸೇವೆ ಅಂತೀರಿ, ಮತ್ತೆ ಪುಡಿಗೆ ರೇಟು ಯಾಕಿಷ್ಟು?

"ಸಮಾಜಕ್ಕೋಸ್ಕರ ಮಾಡುವ ವ್ಯಾಪಾರ ಅಂತೀರಿ. ಮತ್ತೆ ಕಾಫಿಪುಡಿಗೆ ಪೇಟೆಯವರಿಗಿಂತ ಜಾಸ್ತಿ ರೇಟು ಯಾಕೆ ಮಾರಾಯ್ರೆ?" ನಮ್ಮ ಕಾಸರಗೋಡಿನ ಬದಿಯಡ್ಕದ ಅಂಗಡಿಗಳಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಬೆಂಗಳೂರಿಗೆ ಪಾರ್ಸೆಲ್ ತರಿಸಿಕೊಳ್ಳುವವರು ಫೋನಿನಲ್ಲಿ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಒಮ್ಮೆ ಬರೆದುಬಿಡುತ್ತೇನೆ.

ಸೇವೆ ಅಂದರೆ ಕೊಳ್ಳುವವರಿಗೆ ಅಗ್ಗಕ್ಕೆ ಕೊಡುವುದು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನಮ್ಮದು ಬೆಳೆಗಾರರೇ ಸೇರಿ ನಡೆಸುವ ಕಾಫಿ ಕಂಪನಿ. ನಾವು ವ್ಯಾಪಾರ ಶುರುಮಾಡಿದ್ದು ಬೆಳೆಯುವವರಿಗೆ ಮತ್ತು ಕೊಯ್ಯುವವರಿಗೆ ನಾಲ್ಕು ಕಾಸು ಜಾಸ್ತಿ ಸಿಗಲಿ ಅಂತ. ಆ ನಾಲ್ಕು ಕಾಸು ಬರಬೇಕಾದದ್ದು ಕುಡಿಯುವವರಿಂದಲೇ ಅಲ್ವಾ?

ಮೊದಲು ಬೀಜದ ಲೆಕ್ಕ. ನಮ್ಮದು ಹೆಚ್ಚಾಗಿ ರೋಬಸ್ಟಾ ಜಾತಿಯ ಕಾಫಿ. ಕೇರಳದ ಪಾಣತ್ತೂರು, ಗಡಿಯಾಚೆ ಕೊಡಗಿನ ಕರಿಕೆ ಕಡೆಯ ಸಣ್ಣ ತೋಟಗಳಿಂದ ಬರುತ್ತದೆ, ಸ್ವಲ್ಪ ಇಲ್ಲೇ ಅಡಿಕೆ ಮರಗಳ ನಡುವೆ ಬೆಳೆದದ್ದು. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರಿ. 50 ಕೆಜಿಯ ಒಂದು ಚೀಲ ಚೆರಿ ಮಿಲ್ಲಿಗೆ ಹಾಕಿದರೆ 26 ಕೆಜಿ ಆಸುಪಾಸು ಬೀಜ ಸಿಗುತ್ತದೆ. ಹುರಿಯುವಾಗ ಅದರಲ್ಲೂ ಆರರಲ್ಲಿ ಒಂದು ಪಾಲು ತೂಕ ಹೋಗುತ್ತದೆ. 2024ರಲ್ಲಿ ಚೀಲಕ್ಕೆ ಹತ್ತು ಸಾವಿರ ದಾಟಿತ್ತಲ್ಲ, ಆ ರೇಟು ಹಿಡಿದರೆ ಒಂದು ಕೆಜಿ ಪುಡಿಗೆ ಬೀಜದ ಖರ್ಚೇ 460 ರೂಪಾಯಿ. ಮಿಲ್ಲು, ಗ್ಯಾಸು, ಗಾಡಿ ಬಾಡಿಗೆ, ಪ್ಯಾಕೆಟ್ಟು, ಅಂಗಡಿಯವರ ಕಮಿಷನ್ ಎಲ್ಲ ಅದರ ಮೇಲೆ.

ಅಂಥ ವರ್ಷವೂ ಮುನ್ನೂರಕ್ಕೆ ಒಂದು ಕೆಜಿ ಸಿಕ್ಕಿದರೆ ಪ್ಯಾಕೆಟ್ ತಿರುಗಿಸಿ ನೋಡಿ. ಚಿಕೋರಿ ಅಂದರೆ ಒಂದು ಗಿಡದ ಬೇರು ಹುರಿದು ಮಾಡಿದ ಪುಡಿ. ಅದನ್ನು 49 ಪರ್ಸೆಂಟ್ ತನಕ ಸೇರಿಸಲು ಕಾನೂನಿನಲ್ಲಿ ಅವಕಾಶ ಇದೆ, ಮೇಲೆ ಬರೆದಿರಬೇಕು ಅಷ್ಟೇ. ಚಿಕೋರಿಯಲ್ಲಿ ತಪ್ಪೇನಿಲ್ಲ. ನಮ್ಮಲ್ಲೂ 80-20 ಪ್ಯಾಕೆಟ್ ಇದೆ, ನನ್ನ ಅಮ್ಮನಿಗೆ ಅದೇ ಆಗಬೇಕು.

ಆದರೆ ನಮ್ಮ ರೇಟು ಏರುವುದು ಬೀಜದಿಂದ ಮಾತ್ರ ಅಲ್ಲ, ಕೊಯ್ಲಿನಿಂದ.

ರೋಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್ ತನಕ. ಎಷ್ಟೋ ತೋಟಗಳಲ್ಲಿ ಕೊಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಕೆಜಿ ಲೆಕ್ಕ ಅಂದಮೇಲೆ ಯಾರಾದರೂ ಏನು ಮಾಡುತ್ತಾರೆ? ಗೆಲ್ಲಿನ ಬುಡದಿಂದ ತುದಿಯ ತನಕ ಒಂದೇ ಸಲ ಕೈ ಎಳೆಯುತ್ತಾರೆ. ಹಣ್ಣು, ದೋರೆಗಾಯಿ, ಹಸಿರು ಕಾಯಿ, ನಾಲ್ಕು ಎಲೆ, ಎಲ್ಲ ಒಟ್ಟಿಗೆ ಟಾರ್ಪಾಲಿಗೆ ಬೀಳುತ್ತದೆ. ಅವರನ್ನು ಬೈದು ಪ್ರಯೋಜನ ಇಲ್ಲ. ಸಂಜೆ ತಕ್ಕಡಿಯಲ್ಲಿ ನೋಡುವುದು ತೂಕವನ್ನು ಮಾತ್ರ. ಹಣ್ಣು ಮಾತ್ರ ಆರಿಸಿ ಕೊಯ್ದರೆ ತೂಕ ಇಳಿಯುತ್ತದೆ, ಕೂಲಿಯೂ ಇಳಿಯುತ್ತದೆ. ದುಬಾರಿ ಕಾಫಿ ಪ್ಯಾಕೆಟ್‌ಗಳ ಮೇಲೆ "ಮಾಗಿದ ಹಣ್ಣು ಮಾತ್ರ" ಅಂತ ಚಂದಕ್ಕೆ ಬರೆದಿರುತ್ತಾರೆ. ಆರಿಸಿದ ಹೆಂಗಸಿಗೆ ಆ ದಿನ ಎಷ್ಟು ಸಿಕ್ಕಿತು ಅಂತ ಬರೆದದ್ದನ್ನು ನಾನಂತೂ ನೋಡಿಲ್ಲ.

ಹಾಗಾಗಿ ನಮಗೆ ಕಾಫಿ ಕೊಡುವ ತೋಟಗಳಲ್ಲಿ ಕೊಯ್ಲಿಗೆ ದಿನಗೂಲಿ. ಅದರಿಂದ ತೋಟದವರಿಗೆ ಬೀಳುವ ಹೆಚ್ಚಿನ ಖರ್ಚನ್ನು ನಾವು ತುಂಬುತ್ತೇವೆ. ಬಿಲ್ಲಿನಲ್ಲಿ ಅದು ಬೇರೆಯೇ ಸಾಲು. ಬೆಲೆಯೊಳಗೆ ಸೇರಿಸಿ ಕೊಟ್ಟರೆ ಅದು ಎಲ್ಲಿ ನಿಲ್ಲುತ್ತದೆ ಅಂತ ತೋಟ ಇರುವ ನಮಗೆಲ್ಲ ಗೊತ್ತೇ ಇದೆ. ನ್ಯಾಯದ ಬೆಲೆಯ ಮಾತೆಲ್ಲ ಹೆಚ್ಚಾಗಿ ತೋಟದ ಗೇಟಿನ ತನಕ ಬಂದು ಮುಗಿಯುತ್ತದೆ.

ಒಣಗಿಸುವುದನ್ನು ನಮ್ಮೂರವರಿಗೆ ಹೇಳಿಕೊಡಬೇಕಾಗಲಿಲ್ಲ. ಒಂದು ಮುಷ್ಟಿ ಚೆರಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಅಡಿಕೆ ಒಣಗಿಸಿದ ಕೈಗೆ, ಕಿವಿಗೆ ಅದು ಗೊತ್ತು. ನಾವು ಮಿಷನ್ನಿನಲ್ಲಿ ತೇವಾಂಶ ನೋಡುವ ಮೊದಲೇ ಅವರು "ಇನ್ನೆರಡು ಬಿಸಿಲು ಬೇಕು" ಅಂದಿರುತ್ತಾರೆ.

ಇನ್ನು ದುಡ್ಡು ಕೈಗೆ ಸಿಗುವ ಹೊತ್ತು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ತೋಟದಿಂದ ಏನೂ ಬರುವುದಿಲ್ಲ. ಮಕ್ಕಳ ಫೀಸು, ಗೊಬ್ಬರ, ಮದ್ದು ಹೊಡೆಯುವವರ ಕೂಲಿ, ಎಲ್ಲ ಆಗಲೇ. ಆಗ ವ್ಯಾಪಾರಿಯಿಂದ ಅಡ್ವಾನ್ಸ್ ತೆಗೆದುಕೊಂಡರೆ ಬೆಳೆ ಬಂದಾಗ ಅವನು ಹೇಳಿದ್ದೇ ರೇಟು. ನಾವೂ ಮಳೆಗಾಲದಲ್ಲೇ ಅಡ್ವಾನ್ಸ್ ಕೊಡುತ್ತೇವೆ, ಬಡ್ಡಿ ಇಲ್ಲ. ಬೆಲೆ ಕಾಫಿ ತಂದ ದಿನದ ಮಾರ್ಕೆಟ್ ರೇಟು. ಮಾರ್ಕೆಟ್ ಬಿದ್ದರೆ ಮೊದಲೇ ಮಾತಾಡಿಕೊಂಡ ಕನಿಷ್ಠ ಬೆಲೆ. ಬಡ್ಡಿ ನಾವು ಬ್ಯಾಂಕಿಗೆ ಕಟ್ಟುತ್ತೇವೆ. ಮಾರ್ಚ್‌ನಲ್ಲಿ ಕೊಂಡ ಬೀಜ ಮುಂದಿನ ವರ್ಷದ ತನಕ ಮಾರಾಟ ಆಗುತ್ತಾ ಇರುತ್ತದೆ, ಅಷ್ಟು ದಿನ ದುಡ್ಡು ಗೋಣಿಯಲ್ಲೇ.

ಕನಿಷ್ಠ ಬೆಲೆ ನಮ್ಮ ಐಡಿಯಾ ಏನಲ್ಲ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ಫೇರ್‌ಟ್ರೇಡ್ (ಬೆಳೆಗಾರರಿಗೆ ನ್ಯಾಯದ ಬೆಲೆ) ಮುದ್ರೆಯ ಕಾಫಿಗೂ ಅದೇ ಆಧಾರ. ರೇಟು ಏರಿದ ವರ್ಷ ಅದರ ನೆನಪೇ ಯಾರಿಗೂ ಇರುವುದಿಲ್ಲ. ಆದರೆ 2024ಕ್ಕೆ ನಾಲ್ಕೈದು ವರ್ಷ ಮೊದಲು ಇದೇ ಚೆರಿ ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸು ಇತ್ತು.

"ಇದೆಲ್ಲ ಫಾರಿನ್ ವಿಚಾರ, ನಮ್ಮಲ್ಲಿ ನಡೆಯಲ್ಲ" ಅನ್ನುವವರೂ ಇದ್ದಾರೆ. ಕಾಸರಗೋಡಿನಲ್ಲಿ ಕೂತು ಈ ಮಾತು ಹೇಳುವುದೇ ತಮಾಷೆ. 1950ರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸಗಾರರ ಸಹಕಾರ ಸಂಘ ಕಟ್ಟಲು ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. 1957ರಲ್ಲಿ ಬೆಂಗಳೂರಿನಲ್ಲಿ ಅಂಥ ಸಂಘ ಶುರುವಾಯಿತು. ಅದೇ ವರ್ಷ ಅವರು ಲೋಕಸಭೆಗೆ ಗೆದ್ದು ಹೋದದ್ದು ನಮ್ಮ ಕಾಸರಗೋಡಿನಿಂದ! ಅಡಿಕೆ ಬೆಲೆ ಬಿದ್ದಾಗ 1973ರಲ್ಲಿ ಕ್ಯಾಂಪ್ಕೊ ಅನ್ನುವ ಸಹಕಾರ ಸಂಘ ಕಟ್ಟಿದ್ದೂ ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರೇ. ಆಮೇಲೆ ಕೊಕ್ಕೊ ಕೇಳುವವರಿಲ್ಲದಾಗ ಅದನ್ನೂ ಕೊಂಡರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ಹಾಕಿದರು.

ನಮ್ಮದು ಅಷ್ಟು ದೊಡ್ಡದಲ್ಲ, ಉತ್ಪಾದಕರ ಕಂಪನಿ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ಬೆಳೆಗಾರರೇ ಸದಸ್ಯರು, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಓಟು. ಒಂದು ರಾಜ್ಯದ ಸಹಕಾರ ಕಾಯ್ದೆ ಗಡಿಯಲ್ಲೇ ನಿಲ್ಲುತ್ತದೆ. ಕಂಪನಿ ಕಾಯ್ದೆ ಕೇಂದ್ರದ್ದು, ಹಾಗಾಗಿ ಪಾಣತ್ತೂರಿನವರೂ ಕರಿಕೆಯವರೂ ಒಂದೇ ಸಭೆಯಲ್ಲಿ ಕೂತು ಜಗಳ ಮಾಡಬಹುದು. ಮಾಡುತ್ತಾರೆ ಕೂಡ. ನಾನು ಅಲ್ಲಿ ಸಂಬಳಕ್ಕೆ ಇರುವವ.

ಲಾಭ ಬೇಕೇ ಬೇಕು. ಕನಿಷ್ಠ ಬೆಲೆಗೆ ಅಂತ ಎತ್ತಿಟ್ಟ ದುಡ್ಡು ಅದರಿಂದಲೇ ಬರಬೇಕು. ಲಾಭದಲ್ಲಿ ಶಾಲೆ ಮಕ್ಕಳಿಗೆ ಬ್ಯಾಗ್ ಹಂಚಿ ಫೋಟೋ ಹಾಕಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಅಪ್ಪ ಅಮ್ಮನ ಕೂಲಿ ಸರಿಯಾಗಿ ಕೊಟ್ಟರೆ ಬ್ಯಾಗು ಅವರೇ ತಂದುಕೊಡುತ್ತಾರೆ.

ಇಷ್ಟು ಹೇಳಿದ ಮೇಲೂ "ಸ್ವಲ್ಪ ಕಡಿಮೆ ಮಾಡಿ" ಅಂದರೆ, ಇಲ್ಲ. ಕಾಲು ಕೆಜಿ ತೆಗೆದುಕೊಂಡು ಹೋಗಿ ಕುಡಿದು ನೋಡಿ. ಹಿಡಿಸದಿದ್ದರೆ ಪೇಟೆಯಲ್ಲಿ ಬೇರೆ ಪುಡಿಗೇನು ಬರವೇ?