ಕೊಲೆಗಾರ ಯಾರೆಂದು ಮೊದಲೇ ಗೊತ್ತು

ಅಮೆರಿಕದ ಪತ್ತೇದಾರಿ ಟಿವಿ ಧಾರಾವಾಹಿ ‘ಕೊಲಂಬೊ’ದಲ್ಲಿ ಕೊಲೆ ಮಾಡಿದ್ದು ಯಾರು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಹುತೇಕ ಕಂತುಗಳಲ್ಲಿ ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರು ನಡೆದುಹೋಗುತ್ತದೆ. ಆ ಭಾಗವನ್ನು ಮೊಬೈಲ್ ನೋಡುತ್ತಾ ಕಳೆದಿರೋ, ಮುಂದಿನ ಮಜಾ ಹೋಯಿತು. ಪೊಲೀಸ್ ಪತ್ತೇದಾರ ಲೆಫ್ಟಿನೆಂಟ್ ಕೊಲಂಬೊ ಆಮೇಲೆ ಹಿಡಿದೆಳೆಯುವ ಎಳೆಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

1971ರ ‘ಮರ್ಡರ್ ಬೈ ದಿ ಬುಕ್’ ಕಂತಿನಿಂದ ಶುರುಮಾಡಿ. ನಿರ್ದೇಶಕ, ಆಗಿನ್ನೂ ಹೊಸಬನಾಗಿದ್ದ ಸ್ಟೀವನ್ ಸ್ಪೀಲ್‌ಬರ್ಗ್. ಜೋಡಿ ಲೇಖಕರಲ್ಲಿ ಒಬ್ಬ ಇನ್ನೊಬ್ಬನನ್ನು ಊರಾಚೆಯ ತನ್ನ ಮನೆಗೆ ಕರೆದೊಯ್ದು, ‘ಆಫೀಸಿನಲ್ಲಿದ್ದೇನೆ’ ಎಂದು ಹೆಂಡತಿಗೆ ಫೋನ್ ಮಾಡಿಸಿ, ಮಾತಿನ ನಡುವೆಯೇ ಗುಂಡು ಹಾರಿಸುತ್ತಾನೆ. ಕೊಲೆ ಲಾಸ್ ಏಂಜಲೀಸ್‌ನ ಆಫೀಸಿನಲ್ಲೇ ಆಯಿತೆಂದು ಪಾಪ ಆಕೆ ನಂಬುತ್ತಾಳೆ. ಇಷ್ಟೆಲ್ಲ ಅಚ್ಚುಕಟ್ಟು ಮಾಡಿದವನು ಎಡವುವುದು ಟಪಾಲಿನಲ್ಲಿ! ಗೆಳೆಯನ ಹೆಣ ನಗರದ ತನ್ನ ಮನೆಯಂಗಳದಲ್ಲಿ ಬಿದ್ದಿರುವಾಗ ಬಂದ ಬಿಲ್ಲುಗಳನ್ನು ಒಡೆದು ನೋಡುವವರುಂಟೇ? ಕೊಲಂಬೊಗೆ ಗುಮಾನಿ ಹುಟ್ಟುವುದು ಅಷ್ಟಕ್ಕೇ.

ಕೊಲಂಬೊ ಪಾತ್ರಧಾರಿ ಪೀಟರ್ ಫಾಕ್ ಅಭಿನಯದಲ್ಲಿ ಗಮನಿಸಬೇಕಾದ್ದು ಬಾಗಿಲ ಬಳಿಯ ಆಟ. ಹೊರಟಂತೆ ಮಾಡುತ್ತಾನೆ, ಎದುರಿನವನ ಭುಜ ಸಡಿಲವಾಗುತ್ತದೆ, ಆಗ ತಿರುಗಿ ‘ಇನ್ನೊಂದೇ ಒಂದು ವಿಷಯ...’ ಅನ್ನುತ್ತಾನೆ. ಪ್ರಶ್ನೆ ಕ್ಷುಲ್ಲಕ, ಆದರೆ ಉತ್ತರಿಸದಿದ್ದರೂ ಕಷ್ಟ, ಉತ್ತರಿಸಿದರೂ ಕಷ್ಟ. ಮಾಸಿದ ರೇನ್‌ಕೋಟು (ಅದು ಫಾಕ್ ಅವರ ಸ್ವಂತದ್ದೇ), ಲಡಕಾಸಿ ಪ್ಯೂಜೊ 403 ಕಾರು, ಎಲ್ಲವೂ ಎದುರಾಳಿ ಮೈಮರೆಯುವಂತೆ ಮಾಡುವ ಸರಂಜಾಮು.

ಕೊರತೆ ಇಲ್ಲವೆಂದಲ್ಲ. ಕೆಲವು ಕಂತುಗಳ ಕೊನೆಯ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲುವಂಥದ್ದಲ್ಲ. ಕೊಲೆಗಾರ ಸುಮ್ಮನಿದ್ದುಬಿಟ್ಟರೆ ಕೇಸು ಬಿದ್ದುಹೋದೀತು. 1971ರಿಂದ 1978ರವರೆಗಿನವನ್ನು ಮೊದಲು ನೋಡಿ. 1989ರ ನಂತರದವುಗಳಲ್ಲಿ ಆ ಬಿಗಿ ಕಡಿಮೆ.