ಎರಡು ಸಲ ಬಿದ್ದ ಪೆನ್ನು

ಕಳೆದ ಮಳೆಗಾಲದಲ್ಲಿ ನಡೆದದ್ದು. ನಮ್ಮ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳ ಮೇಲೆ ನಡೆಯುವ ಅಧ್ಯಯನದ ದಾಖಲೆ ತಪಾಸಣೆಗೆ ಮಾನಿಟರ್ ಮೇಡಂ ಬಂದಿದ್ದರು. ಆ ವಿಸಿಟ್‌ನ ಎರಡನೇ ದಿನ, ನಾವೆಲ್ಲ ಊಟಕ್ಕೆ ಏಳುವ ಹೊತ್ತು. ಮೇಡಂ ಒಂದು ಬೈಂಡರ್‌ನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಮಾರ್ಚ್‌ನ ಐಸಿಎಫ್, ಅಧ್ಯಯನಕ್ಕೆ ಸೇರಲು ರೋಗಿ ಸೈನ್ ಹಾಕುವ ಒಪ್ಪಿಗೆ ಪತ್ರ. ಇನ್ನೊಂದು ಜುಲೈಯಲ್ಲಿ ಮಾಡಿದ ರೀಕನ್ಸೆಂಟ್, ಅಂದರೆ ಮತ್ತೊಮ್ಮೆ ಪಡೆದ ಒಪ್ಪಿಗೆ. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಈ ಎರಡು ಸೈನೂ ಒಬ್ಬರದ್ದೇನಾ?"

ಮಾರ್ಚ್‌ನದ್ದು ಶಾಲೆಯಲ್ಲಿ ಕಾಪಿ ಬರೆದ ಹಾಗೆ ದುಂಡಗಿತ್ತು. ಜುಲೈಯದ್ದರಲ್ಲಿ ಗೆರೆ ಎರಡು ಕಡೆ ತುಂಡಾಗಿತ್ತು. ಕೊನೆಯ ಅಕ್ಷರ ಅರ್ಧಕ್ಕೇ ನಿಂತು ಕೆಳಗಿನ ಸಾಲಿಗೆ ಜಾರಿತ್ತು. ಯಾರೋ ಅವಸರದಲ್ಲಿ ನಕಲು ಮಾಡಿದ್ದಾರೆ ಅಂತಲೇ ಅನಿಸುವ ಸೈನ್.

ಜುಲೈಯ ಆ ದಿನ ರೋಗಿ ಅಮ್ಮನ ಜೊತೆ ಅವರ ಮಗ ಬಂದಿದ್ದ. ಹಾಳೆ ಅವರ ಮುಂದೆ ಇಟ್ಟು ಪ್ರಿಂಟರ್ ಹತ್ತಿರ ಹೋಗಿ ಬಂದದ್ದು ನನಗೆ ನೆನಪಿತ್ತು. ಹಾಗಾದರೆ ಮಗನೇ ಹಾಕಿಬಿಟ್ಟನಾ? ಕೈ ತಣ್ಣಗಾಯಿತು. "ಹೌದು ಮೇಡಂ, ನನ್ನ ಎದುರೇ ಹಾಕಿದ್ದು" ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರೋ ಏನೋ. ಏಳು ವರ್ಷದಿಂದ ಅಧ್ಯಯನದ ದಾಖಲೆ ನೋಡಿಕೊಳ್ಳುವ ಈ ಕೆಲಸದಲ್ಲಿದ್ದೇನೆ, ಬರೆದದ್ದೆಲ್ಲ ಕಂಡದ್ದೇ ಆಗಿರಬೇಕು ಅಂತ ಹೊಸಬರಿಗೆ ಪಾಠ ಮಾಡುವವರು ನಾವೇ. ನಾನು ಸುಮ್ಮನೆ ಕೂತೆ. ಅವರೂ ಅವಸರ ಮಾಡಲಿಲ್ಲ. ಹೊರಗೆ ಜೋರು ಮಳೆ. ಆ ಎರಡು ಮೂರು ನಿಮಿಷ ಎಷ್ಟು ಉದ್ದ ಇತ್ತು ಅಂತ ಈಗಲೂ ನೆನಪಿದೆ.

ಆಮೇಲೆ ಪೆನ್ನು ನೆನಪಾಯಿತು. ಪ್ರಿಂಟರ್‌ನಿಂದ ಬಂದ ಮೇಲೆ ಪೆನ್ನು ನೆಲಕ್ಕೆ ಬಿದ್ದಿತ್ತು. ಒಂದಲ್ಲ, ಎರಡು ಸಲ. ಎತ್ತಿಕೊಟ್ಟದ್ದು ನಾನೇ. ಎರಡನೇ ಸಲ ಅಮ್ಮ ಅದನ್ನು ಬೆರಳಲ್ಲಿ ಹಿಡಿಯದೆ ಮುಷ್ಟಿಯಲ್ಲಿ ಹಿಡಿದು ಸೈನ್ ಹಾಕಿದ್ದರು. ಅದನ್ನು ನಾನು ನೋಡಿದ್ದೆ. ನೋಡಿ ಪಕ್ಕದ ಹಾಳೆ ತಿರುಗಿಸಿದ್ದೆ.

ಅಷ್ಟು ಹೇಳಿದೆ. ಮೇಡಂ ಸೈನ್ ವಿಷಯ ಬಿಟ್ಟು ಬೈಂಡರ್‌ನಲ್ಲಿ ಅದೇ ದಿನದ ಸಿ30 ತೆಗೆದರು.

ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟ ಅಳೆಯಲು 1993ರಿಂದ ಬಳಕೆಯಲ್ಲಿರುವ ಪ್ರಶ್ನಾವಳಿ ಅದು. 30 ಪ್ರಶ್ನೆ. ಮೊದಲ 28ಕ್ಕೆ 1ರಿಂದ 4, 1 ಅಂದರೆ ಇಲ್ಲವೇ ಇಲ್ಲ, 4 ಅಂದರೆ ತುಂಬಾ. ಕೊನೆಯ ಎರಡಕ್ಕೆ 1ರಿಂದ 7. ಆರನೆಯದು ಕೆಲಸದ ಬಗ್ಗೆ. ಕಳೆದ ಒಂದು ವಾರದಲ್ಲಿ ನಿಮ್ಮ ಕೆಲಸ ಅಥವಾ ದಿನನಿತ್ಯದ ಇತರ ಚಟುವಟಿಕೆ ಮಾಡಲು ಅಡ್ಡಿಯಾಯಿತೇ ಅಂತ. ಏಳನೆಯದು ಹವ್ಯಾಸ, ಬಿಡುವಿನ ವೇಳೆಯ ಬಗ್ಗೆ. ನಮ್ಮ ಹಾಳೆಯಲ್ಲಿ ಎರಡಕ್ಕೂ 1. ಸ್ಕೋರ್ ಮಾಡಿದರೆ ನೂರಕ್ಕೆ ನೂರು ಬರುತ್ತದೆ, ಅಂದರೆ ಏನೂ ಅಡ್ಡಿಯಿಲ್ಲ. ಪೆನ್ನು ಹಿಡಿಯಲಾಗದ ಕೈಗೆ ನೂರಕ್ಕೆ ನೂರು.

ಅಮ್ಮನದ್ದು ಸ್ತನ ಕ್ಯಾನ್ಸರ್. ಆಗ ನಡೆಯುತ್ತಿದ್ದದ್ದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ. ಈ ಮದ್ದು ಕೈಕಾಲಿನ ನರಗಳಿಗೆ ತೊಂದರೆ ಕೊಡುತ್ತದೆ, ಸೈಕಲ್, ಅಂದರೆ ಮದ್ದು ಕೊಡುವ ಸುತ್ತು, ಹೆಚ್ಚಾದಂತೆ ಅದೂ ಹೆಚ್ಚುತ್ತದೆ ಎಂಬುದು ಡೇ ಕೇರ್‌ನಲ್ಲಿ ಎಲ್ಲರಿಗೂ ಗೊತ್ತು. ಆದರೆ ಸಿ30ಯ ಮೂವತ್ತು ಪ್ರಶ್ನೆಗಳಲ್ಲಿ ಜೋಮಿನ ಬಗ್ಗೆ ಒಂದೂ ಇಲ್ಲ. ಅದಕ್ಕೆ ಬೇರೆಯೇ ಮಾಡ್ಯೂಲ್ ಇದೆ, ಸಿಐಪಿಎನ್20 ಅಂತ. ನಮ್ಮ ಪ್ರೋಟೋಕಾಲ್‌ನಲ್ಲಿ ಅದಿರಲಿಲ್ಲ. ಹಾಗಾಗಿ ಅವರ ಕೈಯ ಸಂಗತಿ ಹೊರಗೆ ಬರಲು ಇದ್ದದ್ದು ಎರಡೇ ದಾರಿ. ಡಾಕ್ಟರ್ ಕೇಳುವಾಗ ಅವರೇ ಹೇಳಬೇಕು, ಇಲ್ಲವೇ ಆರನೇ ಪ್ರಶ್ನೆ. ಅಡ್ಡ ಪರಿಣಾಮ ಬರೆದಿಡುವ ಎಇ ಲಾಗ್‌ನಲ್ಲಿ ಏನೂ ಇರಲಿಲ್ಲ. ಮುಂದಿನ ಸೈಕಲ್‌ಗೆ ಹನ್ನೊಂದು ದಿನ ಬಾಕಿ.

ಊಟ ಬಿಟ್ಟು ಅಧ್ಯಯನದ ಮುಖ್ಯ ಡಾಕ್ಟರ್, ಅಂದರೆ ಪಿಐ ರೂಮಿಗೆ ಓಡಿದೆ. ಅಲ್ಲಿಂದಲೇ ಫೋನ್ ಮಾಡಿದೆವು. ಮಗ ಎತ್ತಿದ. "ಅಮ್ಮ ಉಷಾರಿದ್ದಾರೆ, ಏನಿಲ್ಲ" ಅಂದ. ಅಮ್ಮನಿಗೇ ಕೊಡಿ ಅಂದೆ.

"ಬೀಡಿ ಕಟ್ಟದೆ ತಿಂಗಳಾಯ್ತು ಮಗಾ. ಎಲೆ ಕೈಯಲ್ಲಿ ಉಂಟೋ ಇಲ್ವೋ ಗೊತ್ತೇ ಆಗುದಿಲ್ಲ. ನೂಲು ಸುತ್ತುವಾಗ ಜಾರ್ತದೆ."

ಹಾಗಾದರೆ ಅವತ್ತು ನಾನು ಕೇಳಿದಾಗ ಯಾಕೆ ಇಲ್ಲ ಅಂದಿರಿ ಅಂತ ಕೇಳಿದೆ.

"ನೀವು ಕೇಳಿದ್ದು ಕೆಲಸಕ್ಕೆ ಹೋಗ್ಲಿಕ್ಕೆ ಕಷ್ಟ ಉಂಟಾ ಅಂತ ಅಲ್ವಾ? ನಾನು ಕೆಲಸಕ್ಕೆ ಹೋಗುದಿಲ್ಲ. ಮನೆಯಲ್ಲೇ ಬೀಡಿ ಕಟ್ಟುದು."

ಹೌದು, ಹಾಗೇ ಕೇಳಿದ್ದೆ. ಅವತ್ತು ಮೂರು ಪೇಷಂಟ್ ವಿಸಿಟ್ ಇತ್ತು. ಅವರು ಎರಡೂವರೆಯ ಬಸ್ ಹಿಡಿದು, ಬಿ.ಸಿ.ರೋಡಿನಲ್ಲಿ ಇಳಿದು, ಇನ್ನೊಂದು ಬಸ್ ಹತ್ತಬೇಕಿತ್ತು. ಮಗ ನಿಂತೇ ಇದ್ದ. ಪ್ರಶ್ನಾವಳಿಯನ್ನು ಅವರ ಕೈಗೆ ಕೊಡದೆ ನಾನೇ ಓದಿದೆ. ಓದಿದ್ದೂ ಅಲ್ಲ, ಉದ್ದದ ವಾಕ್ಯಗಳನ್ನು ಕತ್ತರಿಸಿ ನನ್ನದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತುಳುವಿನಲ್ಲಿ ಕೇಳಿದೆ. 'ದಿನನಿತ್ಯದ ಇತರ ಚಟುವಟಿಕೆ' ಎಂಬ ತುಂಡು ಅಲ್ಲಿಯೇ ಬಿದ್ದುಹೋಯಿತು. ಅವರು "ದಾಲ ಇಜ್ಜಿ" ಅಂದರು. ಏನೂ ಇಲ್ಲ ಅಂತ. ನಾನು 1ಕ್ಕೆ ಗುರುತು ಹಾಕಿದೆ. ಕೆಲವಕ್ಕೆ ಅವರು ಬಾಯಿ ತೆರೆಯುವ ಮೊದಲೇ ಮಗ "ಇಲ್ಲ ಇಲ್ಲ" ಅಂದಿದ್ದ. ಅದಕ್ಕೂ ಗುರುತು ಹಾಕಿದೆ.

ನಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಕಷ್ಟದ ಕನ್ನಡವನ್ನು ಸುಲಭ ಮಾಡಿ, ಬೇಗ ಮುಗಿಸಿ, ಬಸ್ಸಿಗೆ ಕಳಿಸುವುದು. ಈ ಊರಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕಾಸರಗೋಡಿನವರಾದರೆ ಮಲಯಾಳ, ಎಲ್ಲವೂ ಒಂದೇ ಒಪಿಡಿಯಲ್ಲಿ ಕೇಳಿಬರುತ್ತದೆ. ನಾಲ್ಕು ಭಾಷೆಯಲ್ಲಿ ಮಾತಾಡಿಸಬಲ್ಲೆ ಎಂಬ ಹೆಮ್ಮೆ ನನಗಿತ್ತು. ಆದರೆ ಸಿ30ಯ ಕನ್ನಡ ಅನುವಾದದ ಒಂದೊಂದು ಸಾಲನ್ನೂ ರೋಗಿಗಳ ಮುಂದಿಟ್ಟು ಪರೀಕ್ಷಿಸಿಯೇ ಒಪ್ಪಿರುತ್ತಾರೆ. ನಾನು ಮಾತು ಬದಲಿಸಿದ ಕೂಡಲೇ ಅದು ಸಿ30 ಆಗಿ ಉಳಿಯುವುದಿಲ್ಲ. ಸಹಾಯ ಬೇಕಾದವರಿಗೆ ಇದ್ದದ್ದನ್ನು ಇದ್ದ ಹಾಗೆ ಓದಬೇಕು, ಅರ್ಥವಾಗದಿದ್ದರೆ ಮತ್ತೆ ಅದನ್ನೇ ಓದಬೇಕು. ಅಷ್ಟೇ.

ಡಾಕ್ಟರ್ ಮರುದಿನವೇ ಅವರನ್ನು ಕರೆಸಿ ನೋಡಿದರು. ಗ್ರೇಡ್ 2 ನ್ಯೂರೋಪತಿ, ಅಂದರೆ ಮಧ್ಯಮ ಮಟ್ಟದ ನರದ ತೊಂದರೆ. ಮುಂದಿನ ಸೈಕಲ್‌ನ ಡೋಸ್ ಕಡಿಮೆ ಮಾಡಿದರು. ನಾನು ಡೀವಿಯೇಷನ್, ಅಂದರೆ ನಿಯಮ ತಪ್ಪಿದ್ದರ ವರದಿ ಬರೆದೆ, ಎಥಿಕ್ಸ್ ಕಮಿಟಿಗೆ ಹೋಯಿತು. ಜುಲೈಯ ಆ ಹಾಳೆಯನ್ನು ತಿದ್ದುವ ಹಾಗಿಲ್ಲ. ಅವತ್ತು ಕೊಟ್ಟ ಉತ್ತರ ಅವತ್ತಿನದ್ದೇ. ಡೇಟಾಬೇಸಿನಲ್ಲಿ ಈಗಲೂ ಆ 1 ಹಾಗೇ ಇದೆ. ಅದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಮೇಲಿನವರು ಮಾಡಿದ್ದು ಮರುತರಬೇತಿ. ಮುಕ್ಕಾಲು ಗಂಟೆಯ ಸ್ಲೈಡ್, ಟ್ರೈನಿಂಗ್ ಲಾಗ್‌ನಲ್ಲಿ ಸೈನ್. ನಾನು ಕೇಳಿದ್ದು ಒಂದು ರೂಮ್. ಪ್ರಶ್ನಾವಳಿ ತುಂಬಿಸುವುದು ಇವತ್ತಿಗೂ ಬಿಲ್ಲಿಂಗ್ ಕ್ಯೂ ಪಕ್ಕದ ಮೇಜಿನಲ್ಲಿ. ಮನೆಯವರು ಹೆಗಲ ಮೇಲಿಂದ ಬಗ್ಗಿ ನೋಡುತ್ತಿರುವಾಗ ಯಾವ ಹೆಂಗಸು 'ಮನಸ್ಸು ಕುಗ್ಗಿದೆ' ಎಂಬುದಕ್ಕೆ 4 ಹಾಕುತ್ತಾಳೆ? ತಿಂಗಳ ಮೀಟಿಂಗ್‌ನಲ್ಲಿ ಅಧ್ಯಯನಕ್ಕೆ ಎಷ್ಟು ಎನ್‌ರೋಲ್‌ಮೆಂಟ್, ದಾಖಲೆಯ ಬಗ್ಗೆ ಕೇಳಿದ ಎಷ್ಟು ಕ್ವೆರಿ ಓಪನ್ ಅಂತ ಕೇಳುತ್ತಾರೆ. ಒಂದು ಸಿ30ಗೆ ಎಷ್ಟು ಹೊತ್ತು ಕೊಟ್ಟಿರಿ ಅಂತ ಇದುವರೆಗೆ ಯಾರೂ ಕೇಳಿಲ್ಲ.

ಮುಂದಿನ ವಿಸಿಟ್‌ಗೆ ಫಾರ್ಮಸಿ ಸ್ಟೋರ್‌ನ ಮೂಲೆಯಲ್ಲಿ ಎರಡು ಕುರ್ಚಿ ಹಾಕಿಸಿದೆ. ಡಾಕ್ಟರನ್ನು ನೋಡುವ ಮೊದಲೇ ಅಮ್ಮನನ್ನು ಅಲ್ಲಿ ಕೂರಿಸಿದೆ. ಮಗನಿಗೆ ಚಾ ಕುಡಿದು ಬನ್ನಿ ಅಂದೆ. ದಪ್ಪ ಹಿಡಿಯ ಪೆನ್ನು ಕೊಟ್ಟೆ. ಅವರು ಏಳನೇ ಕ್ಲಾಸು ಓದಿದವರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆರನೆಯದಕ್ಕೆ ಬಂದಾಗ ನಿಂತರು.

"ಇದಕ್ಕೆ ಜಾಸ್ತಿ ಹಾಕಿದ್ರೆ ಮದ್ದು ನಿಲ್ಲಿಸ್ತಾರಾ?"

ಇದನ್ನು ನೋಡಿ ಹಾಗೆ ಮಾಡುವುದಿಲ್ಲಮ್ಮ, ಇದ್ದದ್ದನ್ನು ಹಾಕಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮುಷ್ಟಿಯಲ್ಲಿ ಪೆನ್ನು ಹಿಡಿದು 3ರ ಸುತ್ತ ನಿಧಾನವಾಗಿ ಗೆರೆ ಎಳೆದರು. ಸುತ್ತು ಪೂರ್ತಿ ಕೂಡಲಿಲ್ಲ. ಆಮೇಲೆ ಏಳನೆಯದರ ಮೇಲೆ ಬೆರಳಿಟ್ಟರು.

ಮೂವತ್ತು ಮುಗಿಯಲು ಅರ್ಧ ಗಂಟೆ ಹಿಡಿಯಿತು. ಎರಡೂವರೆಯ ಬಸ್ ಸಿಗಲಿಲ್ಲ, ಅದರ ಮುಂದಿನದ್ದಕ್ಕೆ ಹೋದರು.