ಬಿ.ಕಾಂ. ಮುಗೀತು, ಮುಂದೇನು? ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ

ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಲೆಕ್ಕಪತ್ರ ಮತ್ತು ತೆರಿಗೆ ಕೆಲಸದ ಆಫೀಸ್ ನಡೆಸುತ್ತೇನೆ. ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ಮೇಲೆ ಒಂದಷ್ಟು ಮಕ್ಕಳು ಹುಡುಕಿಕೊಂಡು ಬರುತ್ತಾರೆ. ಬಿ.ಕಾಂ., ಬಿಬಿಎ ಮುಗಿಸಿದವರು. ಕೆಲವರು ಒಬ್ಬರೇ ಬರುತ್ತಾರೆ, ಜಾಸ್ತಿ ಜನ ಅಪ್ಪನ ಜೊತೆ. ಅಪ್ಪ ಮಾತಾಡುತ್ತಾರೆ, ಮಗ ಫೈಲ್ ಹಿಡಿದುಕೊಂಡು ಕೂತಿರುತ್ತಾನೆ. "ಮೇಡಂ, ಇವನಿಗೆ ಏನು ಮಾಡಿಸಿದ್ರೆ ಒಳ್ಳೇದು? ನೀವೇ ಒಂದು ದಾರಿ ಹೇಳಿ."

ಉತ್ತರ ಕೊಡುವುದೇನೂ ಕಷ್ಟವಲ್ಲ. ಸಿಎ ಅನ್ನಬಹುದು, ಎಂಬಿಎ ಅನ್ನಬಹುದು, ಬ್ಯಾಂಕ್ ಪರೀಕ್ಷೆ ಅನ್ನಬಹುದು. ಆದರೆ ಆ ಹುಡುಗ ಅಷ್ಟನ್ನೂ ಆಗಲೇ ಕೇಳಿಸಿಕೊಂಡು ಬಂದಿರುತ್ತಾನೆ. ಬ್ಯಾಂಕಿನಲ್ಲಿರುವ ಮಾವ ಬ್ಯಾಂಕ್ ಅಂದಿರುತ್ತಾರೆ. ಬೆಂಗಳೂರಿನಲ್ಲಿರುವ ಅಕ್ಕ ಎಂಬಿಎ ಅಂದಿರುತ್ತಾಳೆ. ಪಕ್ಕದ ತೋಟದವರು "ಸರ್ಕಾರಿ ಕೆಲಸ ಬಿಟ್ಟು ಬೇರೆ ನೋಡಬೇಡ" ಅಂದಿರುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಬ್ಬೊಬ್ಬರೂ ತಾವು ನಡೆದ ದಾರಿಯನ್ನೇ ತೋರಿಸುತ್ತಾರೆ, ಇಲ್ಲವಾದರೆ ತಮ್ಮ ಕೈತಪ್ಪಿ ಹೋದದ್ದನ್ನು. ನಾನೂ ಇನ್ನೊಂದು ಕೋರ್ಸಿನ ಹೆಸರು ಸೇರಿಸಿದರೆ ಅವನ ಗೊಂದಲ ಹೆಚ್ಚುತ್ತದೆ ಅಷ್ಟೇ.

ಈ ಮಕ್ಕಳಿಗೆ ಕೋರ್ಸುಗಳ ಹೆಸರು ಗೊತ್ತು, ಕೆಲಸಗಳು ಗೊತ್ತಿಲ್ಲ. ಆಡಿಟ್ ಮಾಡುವವರು ಬೆಳಗ್ಗೆ ಹತ್ತು ಗಂಟೆಗೆ ಕೂತು ಏನು ಮಾಡುತ್ತಾರೆ, ಖರೀದಿ ವಿಭಾಗದವರು ಯಾರ ಜೊತೆ ಮಾತಾಡುತ್ತಾರೆ, ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರ ಮೇಜಿನ ಮೇಲೆ ಯಾವ ಕಾಗದ ಇರುತ್ತದೆ, ಇದೊಂದೂ ಅವರು ಕಂಡಿಲ್ಲ. ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ. ನಮ್ಮ ಮನೆಗಳು ತೋಟದ ನಡುವೆ ಒಂದೊಂದೇ ಇವೆ. ಬೆಳೆಯುವ ಮಗು ಮೇಷ್ಟ್ರನ್ನು ನೋಡುತ್ತದೆ, ಸೈನ್ಯದಿಂದ ರಜೆಗೆ ಬಂದ ಚಿಕ್ಕಪ್ಪನನ್ನು ನೋಡುತ್ತದೆ, ಸೊಸೈಟಿ ಸೆಕ್ರೆಟರಿ, ತೋಟದ ಲೆಕ್ಕ ಬರೆಯುವ ರೈಟರ್ ಇವರನ್ನು ನೋಡುತ್ತದೆ. ಅದರಾಚೆಯ ಕೆಲಸಗಳೆಲ್ಲ ಮೈಸೂರು, ಬೆಂಗಳೂರಿನ ಕಟ್ಟಡಗಳ ಒಳಗೆ ನಡೆಯುತ್ತವೆ. ಅದನ್ನು ನೋಡದೆ ಆರಿಸು ಅಂದರೆ ಹೇಗೆ ಆರಿಸುವುದು?

ಅದಕ್ಕೆ ನಾನು ಹೇಳುವುದು ಇಷ್ಟು. "ನಾನು ಏನು ಮಾಡಲಿ?" ಅಂತ ಯಾರನ್ನೂ ಕೇಳಬೇಡ. "ನೀವು ಏನು ಮಾಡ್ತೀರಿ?" ಅಂತ ಕೇಳು. ಮೊದಲನೆಯದಕ್ಕೆ ಉಪದೇಶ ಸಿಗುತ್ತದೆ. ಎರಡನೆಯದಕ್ಕೆ ವಿಷಯ ಸಿಗುತ್ತದೆ.

ಅದನ್ನೂ ಸುಮ್ನೆ ಹಾಗೇ ಕೇಳಿದರೆ "ಅಕೌಂಟ್ಸ್ ನೋಡ್ಕೊಳ್ತೀನಿ" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಹಿಡಿದು ಕೇಳಬೇಕು. ನಿನ್ನೆ ಬೆಳಗ್ಗಿನಿಂದ ಸಂಜೆವರೆಗೆ ಏನೇನು ಮಾಡಿದ್ರಿ? ವರ್ಷದಲ್ಲಿ ಯಾವ ತಿಂಗಳು ಉಸಿರು ಕಟ್ಟುತ್ತದೆ? ನಿಮ್ಮ ಜೊತೆ ಸೇರಿದವರಲ್ಲಿ ಬಿಟ್ಟು ಹೋದವರು ಯಾಕೆ ಬಿಟ್ಟರು? ಹೊಸಬರನ್ನು ತೆಗೆದುಕೊಳ್ಳುವಾಗ ಅಂಕಪಟ್ಟಿ ಬಿಟ್ಟು ಇನ್ನೇನು ನೋಡ್ತೀರಿ? ಹೊಸಬರಿಗೆ ಶುರುವಿನಲ್ಲಿ ಎಷ್ಟು ಕೊಡ್ತಾರೆ? ಇದನ್ನು ಕೇಳಲು ಸಂಕೋಚ ಬೇಡ. "ನಿಮ್ಮ ಸಂಬಳ ಎಷ್ಟು" ಅಂದರೆ ಮುಖ ಗಂಟಿಕ್ಕುವವರು, "ಹೊಸಬರಿಗೆ ಎಷ್ಟಿರುತ್ತೆ" ಅಂದರೆ ಖುಷಿಯಾಗಿ ಹೇಳುತ್ತಾರೆ. ಏಳುವ ಮುಂಚೆ ಒಂದು ಮಾತು: ಇದರ ಬಗ್ಗೆ ಇನ್ನು ಯಾರನ್ನು ಕೇಳಲಿ? ಆ ಒಂದು ಪ್ರಶ್ನೆಯಿಂದ ಮುಂದಿನ ಬಾಗಿಲು ತೆರೆಯುತ್ತದೆ.

ಬಿಟ್ಟು ಹೋದವರ ಪ್ರಶ್ನೆಯನ್ನು ಮಾತ್ರ ಯಾವತ್ತೂ ಬಿಡಬೇಡಿ. ಕೆಲಸದ ನಿಜವಾದ ಕಷ್ಟ ಅಲ್ಲೇ ಹೊರಗೆ ಬರುವುದು. ಟಾರ್ಗೆಟ್ ಒತ್ತಡ, ಪ್ರತಿ ಮೂರು ವರ್ಷಕ್ಕೆ ವರ್ಗಾವಣೆ, ದಿನವಿಡೀ ಒಂದೇ ಪರದೆ ನೋಡುವುದು, ಇವೆಲ್ಲ ಯಾವ ಕೋರ್ಸಿನ ಕರಪತ್ರದಲ್ಲೂ ಇರುವುದಿಲ್ಲ.

ಹೋಗುವ ಮುಂಚೆ ಫೋನ್ ಮಾಡಬೇಕು. ಇಪ್ಪತ್ತು ನಿಮಿಷ ಸಾಕು ಅಂತ ಹೇಳಬೇಕು. ಒಬ್ಬರೇ ಹೋಗಬೇಕು. ಅಪ್ಪ ಪಕ್ಕದಲ್ಲಿ ಕೂತರೆ ಎದುರಿಗಿರುವವರು ಅಪ್ಪನಿಗೆ ಉತ್ತರ ಕೊಡುತ್ತಾರೆ, ನಿಮಗಲ್ಲ. ಸಮಯವನ್ನೂ ನೋಡಿಕೊಳ್ಳಬೇಕು. ನಮ್ಮಂಥ ತೆರಿಗೆ ಆಫೀಸುಗಳಲ್ಲಿ ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟುವ ಕೊನೇ ದಿನ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳಿಗೆ ಕೊನೇ ದಿನ. ಆ ದಿನಗಳಲ್ಲಿ ಬಂದರೆ ಕೂರಿಸಿ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕಾಫಿ ವ್ಯಾಪಾರದವರನ್ನು ಕಾಣಬೇಕಾದರೆ ಮಳೆಗಾಲವೇ ವಾಸಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು, ಅವರಿಗೆ ತಲೆ ಎತ್ತಲು ಆಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಸಿದ್ದಾಪುರದ ಕಡೆಯ ಒಬ್ಬ ಹುಡುಗಿ ಬಿಬಿಎ ಮುಗಿಸಿ ಬಂದಿದ್ದಳು. "ಅಕ್ಕ, ಅಕೌಂಟ್ಸ್ ನಂಗೆ ಇಷ್ಟ ಇಲ್ಲ, ಆದ್ರೆ ಏನು ಇಷ್ಟ ಅಂತಾನೂ ಗೊತ್ತಿಲ್ಲ" ಅಂದಳು. ನೇರವಾದ ಮಾತು, ನನಗೆ ಹಿಡಿಸಿತು. ಒಬ್ಬ ಬೆಳೆಗಾರರ ಅನುಮತಿ ಕೇಳಿ, ಅವರ ಒಂದು ಸೀಸನ್ನಿನ ಫೈಲನ್ನು ಅವಳ ಮುಂದೆ ಇಟ್ಟೆ. ಕಾಫಿ ಮಾರಿದ ಬಿಲ್ಲು, ಕರಿಮೆಣಸಿನ ಚೀಟಿ, ಗೊಬ್ಬರದ ರಸೀದಿ ಎಲ್ಲ ಕಲಸುಮೇಲೋಗರ. ತಾರೀಕಿನ ಪ್ರಕಾರ ಜೋಡಿಸಿ ಕೊಡು ಅಂದೆ.

ಸ್ವಲ್ಪ ಹೊತ್ತಾದ ಮೇಲೆ ಎರಡು ಬಿಲ್ಲು ಹಿಡಿದುಕೊಂಡು ಬಂದಳು. ಎರಡೂ ರೋಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು), ಒಂದೇ ವಾರ, ಒಂದೇ ವ್ಯಾಪಾರಿ, 50 ಕೆಜಿ ಚೀಲ. ಚೀಲದ ಬೆಲೆ ಮಾತ್ರ ಬೇರೆ. ಯಾಕೆ?

ಓಟಿ ಅಂದರೆ ಏನು ಅಂತ ಹೇಳಿಕೊಟ್ಟೆ. 50 ಕೆಜಿ ಒಣ ಚೆರ್ರಿಯನ್ನು ಸುಲಿದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದೇ ಔಟ್‌ಟರ್ನ್, ಚಿಕ್ಕದಾಗಿ ಓಟಿ. ರೇಟ್ ನಿಂತಿರುವುದು ಅದರ ಮೇಲೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಓಟಿಗೆ, ಅಂದರೆ ಒಂದು ಕೆಜಿ ಬೀಜಕ್ಕೆ, 300 ರೂಪಾಯಿ ಅಂದುಕೊಳ್ಳೋಣ. 26 ಓಟಿ ಬಂದರೆ ಚೀಲಕ್ಕೆ 7,800. 28 ಬಂದರೆ 8,400. ನೂರು ಚೀಲಕ್ಕೆ 60,000 ರೂಪಾಯಿ ವ್ಯತ್ಯಾಸ. ತೋಟ ಅದೇ, ಕೆಲಸದವರು ಅವರೇ.

ಅವಳ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಸ್ಯಾಂಪಲ್ ತೆಗೆಯುವವರು ಯಾರು? ಯಾವ ಚೀಲದಿಂದ ತೆಗೀತಾರೆ? ಬೆಳೆಗಾರರು ಎದುರಿಗೆ ನಿಂತಿರ್ತಾರಾ? ಅಕೌಂಟ್ಸ್ ಇಷ್ಟವಿಲ್ಲ ಅಂದಿದ್ದ ಹುಡುಗಿ ಒಂದು ಬಿಲ್ಲಿನ ಹಿಂದೆ ಬಿದ್ದಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಅಂಕಿಯ ಹಿಂದಿನ ವ್ಯಾಪಾರ. ಕಾಫಿ ಸುಲಿದು ವಿಂಗಡಿಸುವ ಕುಶಾಲನಗರದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನಗೆ ಪರಿಚಯದವರಿದ್ದರು, ಅಲ್ಲಿಗೆ ಕಳಿಸಿದೆ. ಸ್ಯಾಂಪಲ್ ಮೇಜಿನ ಹತ್ತಿರ ನಿಂತು ನೋಡಿದಳು. ಚೆರ್ರಿ ಸುಲಿಯುವುದು, ಮೀಟರಿನಲ್ಲಿ ತೇವಾಂಶ ನೋಡುವುದು, ಜರಡಿ ಹಿಡಿದು ಗಾತ್ರ ಬೇರೆ ಮಾಡುವುದು, ಕಪ್ಪು ಬೀಜ ಮತ್ತು ಹುಳ ತಿಂದ ಬೀಜ ಆರಿಸಿ ತೂಗುವುದು. ಕಾಫಿ ರುಚಿ ನೋಡುವ ಕೆಲಸಕ್ಕೆ ಹೋಗಬಹುದಾ ಅಂತಲೂ ವಿಚಾರಿಸಿದಳು. ಕಾಫಿ ಮಂಡಳಿಯ ಗುಣಮಟ್ಟ ನಿರ್ವಹಣೆಯ ಡಿಪ್ಲೊಮಾಕ್ಕೆ ವಿಜ್ಞಾನದ ಪದವಿ ಕೇಳುತ್ತಾರೆ ಅಂತ ತಿಳಿಯಿತು. ಆ ಬಾಗಿಲು ಮುಚ್ಚಿತು. ಅದೂ ಒಳ್ಳೆಯದೇ ಆಯಿತು, ಅದನ್ನೇ ನಂಬಿ ಕೂತಿದ್ದರೆ ಒಂದು ವರ್ಷ ಹೋಗುತ್ತಿತ್ತು. ಈಗ ಕಾಫಿ ರಫ್ತು ಮಾಡುವ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದಾಳೆ. ಆಗಾಗ ಫೋನ್ ಮಾಡಿ ಮಾರುಕಟ್ಟೆ ವಿಷಯ ನನಗೇ ಹೇಳುತ್ತಾಳೆ.

ಇನ್ನೊಬ್ಬ ಹುಡುಗನದು ಇದಕ್ಕೆ ತದ್ವಿರುದ್ಧ. ಮನೆಯವರಿಗೆ ಅವನು ಸಿಎ ಆಗಬೇಕಿತ್ತು. ಕೆಲವು ದಿನ ನಮ್ಮ ಆಫೀಸಿನಲ್ಲಿ ಕೂತು ನೋಡು ಅಂದೆ. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ಲಿನ 2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಜೊತೆ ತಾಳೆ ನೋಡುವ ಕೆಲಸ. ಅರ್ಧ ಗಂಟೆಗೊಮ್ಮೆ ಎದ್ದು ಹೊರಗೆ ಹೋಗುತ್ತಿದ್ದ. ಅದೇ ಹುಡುಗ, ಕರಿಮೆಣಸಿನ ವ್ಯಾಪಾರಿಯೊಬ್ಬರು ಸರಕು ಸಾಗಿಸಲು ಬೇಕಾದ ಈ-ವೇ ಬಿಲ್ ಅರ್ಥವಾಗದೆ ಬಂದಾಗ, ಅವರ ಪಕ್ಕ ಕೂತು ಅವರದೇ ಮೊಬೈಲಿನಲ್ಲಿ ತೋರಿಸಿ, ಅವರು ತಾವಾಗಿ ಮಾಡುವ ತನಕ ಬಿಡಲಿಲ್ಲ. ನಾನು ಏನೂ ಹೇಳಬೇಕಾಗಲಿಲ್ಲ. "ಮೇಡಂ, ಕೂತು ಮಾಡೋದು ನನ್ನಿಂದ ಆಗಲ್ಲ, ಜನರ ಜೊತೆ ಆದ್ರೆ ಆಗುತ್ತೆ" ಅಂತ ಅವನೇ ಅಂದ. ಈಗ ತೋಟಗಳಿಗೆ ಸ್ಪ್ರಿಂಕ್ಲರ್ ಸೆಟ್ ಮಾರುವ ಕಡೆ ಇದ್ದಾನೆ. ಹೂ ಅರಳುವ ಹೊತ್ತಿಗೆ ರೋಬಸ್ಟಾಕ್ಕೆ ನೀರು ಬೇಕೇ ಬೇಕು. ಬೆಳೆಗಾರರ ಕೈಗೆ ದುಡ್ಡು ಬರುವುದು ಕಾಫಿ ಮಾರಿದ ಮೇಲೆ. ಯಾರಿಗೆ ಎಷ್ಟು ಸಾಲ ಕೊಡಬೇಕು, ಯಾವಾಗ ವಸೂಲಿ ಅನ್ನುವುದರಲ್ಲಿ ಅವನ ಬಿ.ಕಾಂ. ಚೆನ್ನಾಗಿ ಕೆಲಸಕ್ಕೆ ಬರುತ್ತಿದೆ.

ಹಾಗಂತ ಪರೀಕ್ಷೆ, ಕೋರ್ಸುಗಳ ಮಾಹಿತಿ ಬೇಡ ಅಂತಲ್ಲ. ಕೆಲಸ ನೋಡಿದ ಮೇಲೆ ಅದು ಬೇಕು. ಬಿ.ಕಾಂ.ನಲ್ಲಿ ಶೇ. 55 ಇದ್ದರೆ ಸಿಎ ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಸಿಎ ಹತ್ತಿರ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಸಿಎಂಎಗೂ (ವೆಚ್ಚ ಲೆಕ್ಕಪತ್ರದ ಕೋರ್ಸ್) ಪದವೀಧರರಿಗೆ ನೇರ ಇಂಟರ್‌ಮೀಡಿಯೆಟ್ ಇದೆ. ಸಿಎಸ್ (ಕಂಪನಿ ಸೆಕ್ರೆಟರಿ) ಮಾಡುವವರು ಸಿಎಸ್‌ಇಇಟಿ ಅನ್ನುವ ಪ್ರವೇಶ ಪರೀಕ್ಷೆ ತಮಗೆ ಬೇಕಾ ಅಂತ ಮೊದಲು ವಿಚಾರಿಸಬೇಕು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್‌ನ ಕ್ಲರ್ಕ್ ಮತ್ತು ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗಳಿಗೆ ಯಾವುದೇ ಪದವಿ ನಡೆಯುತ್ತದೆ. ಸಾಮಾನ್ಯ ವರ್ಗಕ್ಕೆ ವಯಸ್ಸು ಕ್ಲರ್ಕ್ ಹುದ್ದೆಗೆ 28, ಪಿಒಗೆ 30ರ ಒಳಗಿರಬೇಕು, ಆದ್ದರಿಂದ ತುಂಬಾ ಕಾಯುವಂತಿಲ್ಲ. ಸಹಕಾರ ಸಂಘಗಳ ಕಡೆ ಮನಸ್ಸಿದ್ದವರು ಡಿಸಿಎಂ ಅನ್ನುವ ಸಹಕಾರ ನಿರ್ವಹಣೆಯ ಡಿಪ್ಲೊಮಾ ವಿಚಾರಿಸಿ. ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, ಲೆಕ್ಕವೂ ಕಂಪ್ಯೂಟರೂ ಎರಡೂ ಬರುವವರು ಅಲ್ಲಿ ಬೇಕಾಗುತ್ತಾರೆ.

ಮಡಿಕೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ನಮ್ಮ ಮಕ್ಕಳು ಮರೆತೇ ಬಿಟ್ಟಿದ್ದಾರೆ. ಹೆಸರು ನೋಂದಾಯಿಸಲು ದುಡ್ಡು ಕೇಳುವುದಿಲ್ಲ. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಕೂಡ ಉಚಿತ. ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮೈಸೂರಿಗೆ ಬಸ್ಸಿನಲ್ಲಿ ಹೋಗಿ ನಾಲ್ಕು ಜನರನ್ನು ಕಂಡು ಬರಲು ಆ ದುಡ್ಡು ಸಾಕು. ಅದನ್ನು ಹಾಗೆ ಬಳಸಿಕೊಂಡವರನ್ನು ಕಂಡರೆ ನನಗೆ ತುಂಬಾ ಸಂತೋಷವಾಗುತ್ತದೆ.

ಒಂದು ಎಚ್ಚರಿಕೆ. ಉಚಿತ ಮಾರ್ಗದರ್ಶನ ಅಂತ ಕರೆದು, ಕೊನೆಗೆ ಒಂದೇ ಕಾಲೇಜಿನ ಸೀಟು ತೋರಿಸುವವರಿದ್ದಾರೆ. ಅಲ್ಲಿ ಕೂತಿರುವವರ ಸಂಬಳ ನಿಮ್ಮ ಅಡ್ಮಿಷನ್ನಿನಿಂದ ಬರುತ್ತದೆ. ಹಾಗೆ ಕರೆದವರನ್ನು ಒಂದೇ ಮಾತು ಕೇಳಿ: "ಈ ಕೋರ್ಸ್ ಯಾರಿಗೆ ಬೇಡ?" ಪ್ರಾಮಾಣಿಕರಾದರೆ ಉತ್ತರ ಇರುತ್ತದೆ. ಎಲ್ಲರಿಗೂ ಒಳ್ಳೆಯದು ಅಂದರೆ ಎದ್ದು ಬನ್ನಿ. ಕೆಲಸ ಕೊಡಿಸುತ್ತೇವೆ, ಮುಂಗಡ ಕಟ್ಟಿ ಅನ್ನುವವರ ಹತ್ತಿರ ಕೂರಲೂ ಬೇಡಿ. ತೋಟದ ಮೇಲೆ ಸಾಲ ಮಾಡಿ ಫೀಸ್ ಕಟ್ಟಿ, ಮಗ ನಡುವೆ ಬಿಟ್ಟು ಬಂದ ಮನೆಗಳ ಲೆಕ್ಕವನ್ನು ನಾನೇ ಬರೆಯುತ್ತೇನೆ. ಬಡ್ಡಿಯ ಸಾಲು ಬರೆಯುವಾಗ ಸಂಕಟವಾಗುತ್ತದೆ.

ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಒಂದೇ. ರಿಸಲ್ಟ್ ಬಂದ ವಾರವೇ ಅಡ್ಮಿಷನ್ ಮಾಡಿಸಬೇಡಿ. ಕೊಯ್ಲು ಶುರುವಾಗುವ ತನಕ ಸಮಯ ಕೊಡಿ. ಸುಮ್ಮನೆ ಮನೆಯಲ್ಲಿ ಕೂರಲು ಅಲ್ಲ. ಅಷ್ಟರಲ್ಲಿ ಮಕ್ಕಳು ಬೇರೆ ಬೇರೆ ಕೆಲಸದ ಜನರನ್ನು ಕಂಡು ಬರಲಿ, ಯಾರು ಏನು ಹೇಳಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕೈಖರ್ಚಿಗೆ ಯಾವುದಾದರೂ ಅಂಗಡಿಯಲ್ಲೋ ರೆಸಾರ್ಟಿನಲ್ಲೋ ಬಿಲ್ಲಿಂಗ್ ಕೆಲಸಕ್ಕೆ ಹೋದರೂ ತಪ್ಪಿಲ್ಲ. ಅಲ್ಲಿ ಸ್ಟಾಕ್ ಹೇಗೆ ಸೋರುತ್ತದೆ, ಗಿರಾಕಿ ಯಾಕೆ ಸಿಟ್ಟಾಗುತ್ತಾರೆ ಅನ್ನುವುದು ಕಾಣುತ್ತದೆ.

ಕೊಡಗಿನಲ್ಲಿ ಕೆಲಸ ಮಾಡುತ್ತಿರುವ ನಮ್ಮಂಥವರ ಮೇಲೂ ಜವಾಬ್ದಾರಿ ಇದೆ. ಬ್ಯಾಂಕಿನವರು, ಸೊಸೈಟಿಯವರು, ರೆಸಾರ್ಟ್ ಮ್ಯಾನೇಜರ್‌ಗಳು, ಕಾಫಿ ವ್ಯಾಪಾರಿಗಳು, ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದವರು, ಎಲ್ಲರೂ. ಪರಿಚಯವಿಲ್ಲದ ಹುಡುಗನೋ ಹುಡುಗಿಯೋ ಫೋನ್ ಮಾಡಿ ಇಪ್ಪತ್ತು ನಿಮಿಷ ಕೇಳಿದರೆ ದಯವಿಟ್ಟು ಕೊಡಿ. ಬುದ್ಧಿವಾದ ಬೇಡ. ನಿನ್ನೆ ನೀವು ಮಾಡಿದ ಕೆಲಸದ ಒಂದು ಕಾಗದ ಅವರ ಮುಂದೆ ಇಡಿ. ಸಾಲದ ಅರ್ಜಿಯೋ, ಸ್ಟಾಕ್ ರಿಜಿಸ್ಟರೋ, ರೂಮ್ ಬುಕಿಂಗ್ ಪಟ್ಟಿಯೋ ಏನಾದರೂ ಆಗಲಿ. ಹೆಸರುಗಳನ್ನು ಮುಚ್ಚಿ ತೋರಿಸಿ. ಆಮೇಲೆ ಅವರು ಏನು ಕೇಳುತ್ತಾರೆ ಅಂತ ಗಮನಿಸಿ, ಅದನ್ನೇ ಅವರಿಗೆ ಹೇಳಿ ಕಳಿಸಿ.